ಸುತ್ತಿಗೆಯ ಪರೀಕ್ಷೆ

ಮಾನ್ವಿಯ ಶಾಲಾ ಮಾಸ್ತರು ಪ್ರಹ್ಲಾದಾಚಾರ್ಯರ ಮಗಳು ಭಾಮಾ ಏಕಾಏಕಿ ಎಡಗಣ್ಣನ್ನು ಪಿಳಿಪಿಳಿ ಬಡಿಯತೊಡಗಿದ್ದಳು. ಹೈದರಾಬಾದಿನ ನರದ ಡಾಕ್ಟರೊಬ್ಬರು ರಾಯಚೂರಿಗೆ ಬಂದಿದ್ದಾರೆಂದು ತಿಳಿದ ಆಚಾರ್ಯರು ಬೆಳಗಿನ ಬಸ್ಸಿಗೆ ಹೊರಟು ನಿಂತರು.

ಅಷ್ಟರಲ್ಲಿ ಪಕ್ಕದ ಮನೆಯ ಬಳೆ ವ್ಯಾಪಾರಿ ಲಾಲ್ ಸಾಬ್ ಬಂದು ಕಟ್ಟೆಯ ಮೇಲೆ ಕೂತರು. "ನರದ ಡಾಕ್ಟರು ಮೊಣಕಾಲಿಗೆ ಸುತ್ತಿಗಿಲೆ ಹೊಡೀತಾರ್ರೀ ಆಚಾರ್ರೇ. ಕಾಲು ಜಿಗೀತೋ, ನರ ಕೆಟ್ಟಾವ ಅಂತ್ಲೇ ಲೆಕ್ಕ!"

"ಆಮ್ಯಾಲೆ ತಲಿ ಕೊರೀತಾರಂತ," ಎಂದು ಎದುರುಮನೆಯ ಚನ್ನಮಲ್ಲಮ್ಮ ಸೇರಿಸಿದಳು.

ತಮ್ಮ ತರಗತಿಯಲ್ಲಿ ಯಾರನ್ನೂ ನಪಾಸಾಗಲು ಬಿಡದ ಆಚಾರ್ಯರು ಮಗಳನ್ನು ಬಿಟ್ಟಾರೆಯೇ? ಭಾಮಾಳನ್ನು ಕಟ್ಟೆಯ ಮೇಲೆ ಕೂರಿಸಿ, ಮೊಣಕಾಲಿಗೆ ಸೌಟಿನ ಹಿಡಿಯಿಂದ ಬಡಿಯತೊಡಗಿದರು.

"ಹಲ್ಲು ಕಚ್ಚಿ ಕಾಲು ಬಿಗಿ ಹಿಡಿಯವ್ವ. ಅಲುಗಾಡಿಸಲಿಲ್ಲಂದ್ರ ಬೆಲ್ಲ ಕೊಡ್ತೀನಿ."

ಓಣಿಯ ಮಕ್ಕಳೆಲ್ಲ ನೆರೆದು, ಭಾಮಾಳ ಬಾಯಿಗೆ ಬೀಳುತ್ತಿದ್ದ ಬೆಲ್ಲದ ಚೂರುಗಳನ್ನೇ ನೋಡುತ್ತ ನಿಂತರು.

ಇದ್ದಿಲಿನ ಗ್ಯಾಸಿನಿಂದ ಓಡುತ್ತ ಹೊಗೆ ಕಾರುವ ಆ ಕಾಲದ ಬಸ್ಸಿನಲ್ಲೂ ಪಾಠ ನಡೆಯಿತು. ಕಂಡಕ್ಟರನೂ ತನ್ನ ಟಿಕೆಟ್ ಪಂಚಿನಿಂದ ಅವಳ ಮೊಣಕಾಲಿಗೆ ಎರಡು ಬಾರಿ ಬಡಿದು, "ಪಾಸ್ ಆಗ್ತಾಳ ಬಿಡ್ರಿ," ಎಂದ.

ರಾಯಚೂರಿನಲ್ಲಿ ಡಾಕ್ಟರು ಮೊಣಕಾಲಿಗೆ ಸುತ್ತಿಗೆ ತಾಗಿಸಿದರು. ಕಾಲು ಗುಡಿಯ ಕಂಬದಂತೆ ನಿಂತಿತು. ಇನ್ನೊಂದು ಕಾಲೂ ಹಾಗೆಯೇ. ಆಚಾರ್ಯರು ಮೀಸೆಯಡಿ ನಕ್ಕರು.

ಡಾಕ್ಟರ ಮುಖ ಬಿಳಿಚಿತು. "ಎರಡೂ ಕಾಲಿನಾಗ ಜೀವಾನ ಇಲ್ಲಲ್ರೀ! ಇವತ್ತೇ ಹೈದರಾಬಾದಿಗೆ ಕರಕೊಂಡು ನಡೀರಿ!"

"ಅಯ್ಯೋ ಸಾಹೇಬ್ರ, ಅಲುಗಾಡಿಸಬ್ಯಾಡ ಅಂತ ನಾನೇ ಕಲಿಸೀನ್ರಿ!"

"ಜಿಗದ್ರೇ ಛಲೋ ಮಾಸ್ತರ್ರೇ! ಸಡ್ಲ ಬಿಡು ಬೇಟಿ."

ಅಪ್ಪ ತಲೆಯಾಡಿಸಿ, ಸುತ್ತಿಗೆ ಮತ್ತೆ ತಾಗಿದ ಕೂಡಲೇ ಬಿಗಿದಿದ್ದ ಕಾಲು ಚಿಮ್ಮಿ ಮೇಜಿಗೆ ಬಡಿದು, ಅದರ ಮೇಲಿನ ಶಾಯಿಯ ದೌತಿ ಡಾಕ್ಟರ ಬಿಳಿ ಕೋಟಿನ ಮೇಲೆ ಕವುಚಿತು.

ಡಾಕ್ಟರು ಕೋಟು ಒರೆಸಿಕೊಳ್ಳುತ್ತ ಹೇಳಿದರು: "ಹುಡುಗಿಗೆ ಏನೂ ಆಗಿಲ್ಲ. ಕಣ್ಣಿನ ಸುದ್ದಿ ಯಾರೂ ಎತ್ತಬ್ಯಾಡ್ರಿ. ತಾನೇ ನಿಲ್ತದ."

ನಿಜಕ್ಕೂ ಬಸ್ಸು ಮಾನ್ವಿ ಮುಟ್ಟುವಷ್ಟರಲ್ಲಿ ಕಣ್ಣು ಶಾಂತವಾಗಿತ್ತು. ಆಚಾರ್ಯರು ಎದೆಯುಬ್ಬಿಸಿ ಓಣಿಗೆ ಕಾಲಿಟ್ಟರು.

ಇಡೀ ಓಣಿ ಅವರ ಕಟ್ಟೆಯ ಮುಂದೆ ಜಮಾಯಿಸಿತ್ತು. ಸಾಲಾಗಿ ನಿಂತ ಮಕ್ಕಳೆಲ್ಲ ಎಡಗಣ್ಣು ಬಡಿಯುತ್ತಿದ್ದರು. ಚನ್ನಮಲ್ಲಮ್ಮನ ಮೊಮ್ಮಗನಂತೂ ಎರಡನ್ನೂ ಬಡಿಯುತ್ತಿದ್ದ.

"ನಿಮ್ಮ ಮಗಳ ಬ್ಯಾನಿ ನಮ್ಮ ಹುಡುಗ್ರಿಗೆ ಹತ್ತಿಬಿಟ್ಟದ ಆಚಾರ್ರೇ," ಲಾಲ್ ಸಾಬ್ ಗುಡುಗಿದರು. "ನಾಳಿ ಎಲ್ಲಾರ್ನೂ ನೀವೇ ರಾಯಚೂರಿಗೆ ಕರಕೊಂಡು ಹೋಗ್ರಿ. ಅದಕ್ಕೂ ಮೊದ್ಲು ಸೌಟು ತಗೊಂಡು ಪಾಠ ಸುರು ಮಾಡ್ರಿ!"

"ಬೆಲ್ಲಾನೂ ತರ್ರೀ!" ಎಂದು ಮಕ್ಕಳು ಒಟ್ಟಿಗೆ ಕೂಗಿದರು.

ಆಚಾರ್ಯರು ಸಾಲಿನ ಮಕ್ಕಳನ್ನು ಎಣಿಸುತ್ತಿರುವಾಗ ಕೈಯೊಳಗಿದ್ದ ಪುಟ್ಟ ಕೈ ಮೆಲ್ಲಗೆ ಜಾರಿತು. ಭಾಮಾ ಓಡಿಹೋಗಿ ಸಾಲಿನ ತುದಿಗೆ ನಿಂತು, ಎಡಗಣ್ಣನ್ನು ಪಿಳಿಪಿಳಿ ಬಡಿಯತೊಡಗಿದಳು.