ಹಿಮಾಲಯದ ಭಜನೆ

ಉದ್ದನಪಲ್ಲಿಯ ಕೊಂಡಪ್ಪನ ಗ್ರಹಚಾರ ಒಂದು ರೆಕಾರ್ಡಿನ ರೂಪದಲ್ಲಿ ಮನೆಗೆ ಬಂತು. ತಂದವನು ಅವನ ಅಕ್ಕನ ಗಂಡ ಚೆನ್ನಕೇಶವ. ಹೊಸೂರಿನ ಫ್ಯಾಕ್ಟರಿಗೆ ಬಂದಿದ್ದ ವಿಲಾಯಿತಿ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಬಿಟ್ಟುಹೋಗಿದ್ದ ರೆಕಾರ್ಡು ಅದು.

"ಇದು ರಾಕ್ ಅಂತ ಕಣಯ್ಯ. ಐದು ಜನ ಸ್ಟುಡಿಯೋ ಬಾಗ್ಲು ಹಾಕ್ಕಂಡು, ಸಿಕ್ಕಿದ್ ಸದ್ದೆಲ್ಲ ಸೇರ್ಸಿ ಮಾಡವ್ರಂತೆ. ಏನೋ ಹೊಸ ಪ್ರಯೋಗ ಅಂತೆ," ಎಂದ ಚೆನ್ನಕೇಶವ.

ಕೊಂಡಪ್ಪ ರೆಕಾರ್ಡಿನ ಹೊದಿಕೆಯ ಚಿತ್ರ ನೋಡಿದ. ಸೊಂಟದವರೆಗೆ ಕೂದಲು ಬಿಟ್ಟ ಐವರು ಗಡ್ಡದವರು ಮರದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದರು.

"ಸುಮ್ಕಿರು ಭಾವ, ನಂಗೊತ್ತಾಗಲ್ವಾ? ಇವ್ರು ಹಿಮಾಲಯದ ಭಜ್ನೆಯೋರು," ಎಂದು ಪೆಟ್ಟಿಗೆಯೊಳಗಿಟ್ಟ.

ಕೊಂಡಪ್ಪನದು ಮೈಕ್ ಸೆಟ್ಟಿನ ಕಸುಬು. ಮೊದಲ ಕರೆ ಸಾವಿನ ಮನೆಯಿಂದ ಬಂದದ್ದೇ ತಪ್ಪಾಯಿತು. ಆಮೇಲೆ ಆರು ವರ್ಷ ಅವನ ಹಾರ್ನು ತಿಥಿಗಳಿಗಷ್ಟೇ ಕೂಗಿತು. ತಾಯಿ ಸಾಕಮ್ಮ ಹೆಣ್ಣು ಕೇಳಲು ಹೋದಲ್ಲೆಲ್ಲ 'ಸಾವಿನ ಹಾರ್ನಿನವನಿಗಾ?' ಎಂದು ಮುಖ ತಿರುಗಿಸಿದರು. ಒಂದೇ ಒಂದು ಮದುವೆಯಲ್ಲಿ ಹಾಡು ಹಾಕಿದರೆ ಈ ಹೆಸರು ತೊಳೆದುಹೋಗುತ್ತದೆಂದು ಅವನು ನಂಬಿದ್ದ. ಊರಿನ ಅನುಕೂಲಸ್ಥ ದೊಡ್ಡಣ್ಣನ ಮಗಳ ಮದುವೆ ನಿಶ್ಚಯವಾಗಿತ್ತು. ಅದರ ಮೇಲೇ ಅವನ ಕಣ್ಣು.

ಅಷ್ಟರಲ್ಲಿ ದೊಡ್ಡಣ್ಣನ ತಾಯಿ ಅಕ್ಕಯಮ್ಮ ತೀರಿಕೊಂಡರು. ಹನ್ನೊಂದನೇ ದಿನದ ಕರೆ ಕೊಂಡಪ್ಪನಿಗೇ ಬಂತು. ಅವನಿಗೆ ನಿಜಕ್ಕೂ ದುಃಖವಾಗಿತ್ತು. ಹಾರ್ನು ಹೊತ್ತು ಹೋಗುವಾಗಲೆಲ್ಲ ಕೂಗಿ ಕರೆದು ಮಜ್ಜಿಗೆ ಕೊಡುತ್ತಿದ್ದ ಮುದುಕಿ.

ಹೊಲದ ಸಮಾಧಿಯ ಮುಂದೆ ಎಡೆ ಇಟ್ಟರು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ; ಮುಟ್ಟುವ ತನಕ ಉಳಿದವರಿಗೆ ಊಟವಿಲ್ಲ. ಹನ್ನೆರಡಾಯಿತು, ಒಂದಾಯಿತು, ಒಂದು ಕಾಗೆಯೂ ಸುಳಿಯಲಿಲ್ಲ. ಮುದುಕಿಗೆ ಏನೋ ಆಸೆ ಉಳಿದಿದೆ ಎಂದು ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡತೊಡಗಿದರು.

"ನಿಮ್ ಕಿವಿ ವಾಲೆ ನಾದಿನಿಗೇ ಕೊಟ್ಬುಡ್ತೀನತ್ತೆ, ಬನ್ನಿ," ಎಂದು ದೊಡ್ಡಣ್ಣನ ಹೆಂಡತಿ ರಾಮಲಕ್ಷ್ಮಮ್ಮ ಅತ್ತಳು. ಅತ್ತೆ ಹೋದರೆಂದೋ ವಾಲೆ ಹೋಯಿತೆಂದೋ ಹೇಳುವುದು ಕಷ್ಟವಾಗಿತ್ತು. ಕಾಗೆ ಬರಲಿಲ್ಲ.

"ಭಜ್ನೆ ಹಾಕ್ಲಾ ಕೊಂಡಪ್ಪ, ಅಜ್ಜಿ ಮನ್ಸು ಕರಗ್ಲಿ," ಎಂದ ನೆರೆಮನೆಯ ಆವುಲಪ್ಪ. ಹಸಿವಿನಿಂದ ಅವನ ಭಕ್ತಿ ಹೆಚ್ಚಿತ್ತು.

ಹಳೆಯ ಭಜನೆಯ ರೆಕಾರ್ಡು ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಕೊಂಡಪ್ಪ ಹಿಮಾಲಯದವರನ್ನು ಹೊರತೆಗೆದು ತಿರುಗಿಸಿ, ಮೇಲೆ ಪ್ಲೇಯರಿನ ಮುಳ್ಳು ಇಟ್ಟ.

ಮೊದಲು ಗಡಿಯಾರ ಟಿಕ್ ಟಿಕ್ ಎಂದಿತು. ಆಮೇಲೆ ಹುಣಸೆ ಮರಕ್ಕೆ ಕಟ್ಟಿದ್ದ ಹಾರ್ನಿನಿಂದ ಯಾರೋ ಕೆಮ್ಮಿದರು. ಜನ ದಡಕ್ಕನೆ ಎದ್ದು ನಿಂತರು.

"ಗಾಬ್ರಿ ಬೀಳ್ಬ್ಯಾಡ್ರಿ, ಭಜ್ನೆಯೋರು ಗಂಟ್ಲು ಸರಿ ಮಾಡ್ಕಂತಾವ್ರೆ," ಎಂದ ಕೊಂಡಪ್ಪ.

ಗಂಟಲಾದ ಮೇಲೆ ಪಾತ್ರೆಗಳು ಬಿದ್ದವು, ಮಗು ಕಿರುಚಿತು.

"ನಿಲ್ಸ್ಲಾ ಅದ್ನ!" ಎಂದು ಆವುಲಪ್ಪ ಗದರಿದ. ಕೊಂಡಪ್ಪ ಮುಳ್ಳಿಗೆ ಕೈ ಚಾಚಿದ. ಆಗಲೇ ಅಕ್ಕಯಮ್ಮನ ಗೆಳತಿ ಚಿಕ್ಕತಾಯಮ್ಮ ಬಾಯಿಬಿಟ್ಟಳು.

"ದೊಡ್ಡಣ್ಣ, ಈಗ ಗ್ಯಾಪ್ಕ ಬಂತು ಕಣಪ್ಪ. ಮೊಮ್ಮಗಳ ಮದ್ವೇಗೆ ಕೊಂಡಪ್ಪನ ಹಾರ್ನೇ ಕಟ್ಬೇಕು ಅಂತಿದ್ಲು ನಿಮ್ಮವ್ವ. ಅದೇ ಆಸೆ ಇರ್ಬೇಕು."

ಕೊಂಡಪ್ಪನ ಕೈ ಗಾಳಿಯಲ್ಲೇ ನಿಂತಿತು. ಸತ್ತ ಮೇಲೂ ಮಜ್ಜಿಗೆ ಕೊಡುತ್ತಿದ್ದಾಳೆ ಮಹಾತಾಯಿ ಎಂದು ಅವನ ಕಣ್ಣು ತುಂಬಿತು. ಮುಳ್ಳು ಎತ್ತುವುದು ಮರೆತೇಹೋಯಿತು. ದೊಡ್ಡಣ್ಣ ಎಡೆಯ ಮುಂದೆ ಕೈ ಮುಗಿದ.

"ಅವ್ವಾ, ಮದ್ವೇಗೆ ಕೊಂಡಪ್ಪಂದೇ..."

"ಕಾ! ಕಾ! ಕಾ!"

ಹಾರ್ನಿನೊಳಗೆ ಇಪ್ಪತ್ತು ವಿಲಾಯಿತಿ ಕಾಗೆಗಳು ಜಗಳಕ್ಕೆ ಬಿದ್ದಿದ್ದವು. ಕೇಳಿದ್ದೇ ತಡ, ಸುತ್ತಲಿನ ತೋಪುಗಳಿಂದ ನಮ್ಮ ಕಾಗೆಗಳೆಲ್ಲ ಧಾವಿಸಿ ಬಂದು, ಜಗಳದ ಕಾಗೆ ಒಂದೂ ಕಾಣದೆ ಎಡೆಯ ಮೇಲೆ ಎರಗಿದವು.

"ಮುಟ್ತು! ಮುಟ್ತು!" ಎಂದು ಜನ ಎಲೆ ಹಾಕಲು ಓಡಿದರು.

ಊಟವಾದ ಮೇಲೆ ಕೊಂಡಪ್ಪ ಕೈ ಕಟ್ಟಿ ನಿಂತ. "ಅಣ್ಣ, ಆ ಮದ್ವೆ ಮಾತು..."

"ನಾನೆಲ್ಲಿ ಮಾತು ಕೊಟ್ಟೆ?" ಎಂದ ದೊಡ್ಡಣ್ಣ ಸಮಾಧಾನವಾಗಿ. "ಬಾಯಿಂದ ಮಾತು ಬೀಳಕ್ ಮುಂಚೇನೇ ಕಾಗೆ ಮುಟ್ಬುಡ್ತು. ಅಂದ್ರೆ ಅವ್ವಂಗೆ ಅದು ಬೇಕಿರ್ಲಿಲ್ಲ ಅಂತ ತಾನೆ? ಮದ್ವೇಗೆ ಬೇರಿಕೆ ಊರಿನ ಮೈಕ್ ಸೆಟ್ ಪಾಪಯ್ಯಂಗೆ ಹೇಳ್ತೀನಿ. ನಿನ್ ಹಾರ್ನ್ ಕೂಗಿ ಚಪ್ರದ ಮೇಲೆ ಕಾಗೆ ಕೂತ್ರೆ ಒಳ್ಳೇದಾ, ನೀನೇ ಹೇಳು. ಆದ್ರೆ ತಿಂಗ್ಳ ತಿಥಿಗೆ ನೀನೇ ಬರ್ಬೇಕು ಕಣ್ಲಾ. ಆ ಕಾಗೆ ಪ್ಲೇಟು ಮರೀಬ್ಯಾಡ."

ಕೊಂಡಪ್ಪ ಹಾರ್ನು ಹೊತ್ತು ಹೊರಟ. ಊರು ಸೇರುವುದರೊಳಗೆ ಮೂವರು ಅಡ್ಡಗಟ್ಟಿ ತಮ್ಮ ಮನೆಯ ತಿಥಿಗೆ ಹೇಳಿದರು. ಬಾಗಿಲಲ್ಲಿ ಸಾಕಮ್ಮ ಕಾದಿದ್ದಳು.

"ಮದ್ವೆ ಸಿಕ್ತೇನ್ಲಾ?"

"ಇನ್ನೊಂದು ಗಳಿಗೆ ಮುಂಚೆ ಮುಳ್ಳು ಎತ್ತಿದ್ರೆ ಸಿಕ್ತಿತ್ತು ಕಣವ್ವ," ಎಂದು ಕೊಂಡಪ್ಪ ಜಗಲಿಯ ಮೇಲೆ ಕುಸಿದು ಕೂತ.