ಕೋಳಿಯ ಪುಕ್ಕ ಮತ್ತು ದವಾಖಾನೆಯ ಈಕಿ

ಪ್ರಾಣಿಗಳು ಬಾಯಿ ಬಿಡುವುದಿಲ್ಲ. ಅವನ್ನು ಹಿಡಿದು ತಂದವರು ಬಾಯಿ ಮುಚ್ಚುವುದಿಲ್ಲ. ದನದ ಡಾಕ್ಟರನ ಬಾಳಿನಲ್ಲಿ ನಗೆಪಾಟಲಿನ ಪ್ರಸಂಗಗಳು ಹುಟ್ಟುವುದು ಈ ಎರಡರ ನಡುವೆ. ಅವು ಹುಟ್ಟುತ್ತಲೇ ಇರುತ್ತವೆ.

ಬ್ರಿಟಿಷರ ಕಾಲ. ಆದವಾನಿಯಲ್ಲಿ ಒಂದು ದನದ ದವಾಖಾನೆ ನನ್ನ ವಶದಲ್ಲಿತ್ತು. ನಾನು ಶಾಲೆಯಿಂದ ಹಿಡಿದು ಮದರಾಸಿನ ಕಾಲೇಜಿನವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿತವನು. ಕಲಿತದ್ದನ್ನು ಕಟ್ಟುನಿಟ್ಟಾಗಿ ನಡೆಸುವವನು. ದವಾಖಾನೆಗೆ ಬಂದ ಹೊಸದರಲ್ಲೇ ಜವಾನನನ್ನು ಎದುರಿಗೆ ನಿಲ್ಲಿಸಿ ನಿಯಮಗಳನ್ನು ಹೇಳಿದ್ದೆ. ಒಳಗೆ ಬೀಡಿ ಸೇದಬಾರದು. ಒಂದು ದನ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಇನ್ನೊಂದನ್ನು ಮುಟ್ಟಬಾರದು. ಹುಣ್ಣಿಗೆ ಎಣ್ಣೆಮದ್ದನ್ನು ಬೆರಳಿನಿಂದ ಬಳಿಯಬಾರದು, ಪುಕ್ಕದಿಂದ ಬಳಿಯಬೇಕು. ಒಂದಕ್ಕೆ ಬಳಸಿದ್ದು ಇನ್ನೊಂದಕ್ಕೆ ಸಲ್ಲದು, ಪ್ರತಿ ಸಲ ಹೊಸದೇ ಆಗಬೇಕು. ಬಾಗಿಲಲ್ಲಿ ಉಗುಳಬಾರದು. ಜವಾನ ದೊಡ್ಡ ಮೀಸೆಯವನು, ಹಿಂದೆ ಪಲ್ಟಣದ ಕುದುರೆಲಾಯದಲ್ಲಿ ಇದ್ದವನು, ಮನೆಮಾತು ದಖ್ಖನಿ. ಅವನಿಗೆ ಸರಿಯಾಗಿ ತಿಳಿಯಲೆಂದು ಸೋಪಿಗೆ ‘ಸಾಬೂನು’, ಹೊಸದಕ್ಕೆ ‘ತಾಜಾ’ ಎಂದು ಅವನ ಮಾತಿನಲ್ಲೇ ಹೇಳಿದ್ದೆ. ಪ್ರತಿಯೊಂದಕ್ಕೂ ಅವನು ಸಲಾಮು ಹೊಡೆದು, “ಜೀ ಸಾಬ್, ಹಂಗ ಆಗ್ತೈತಿ” ಅಂದಿದ್ದ.

ನಾವಿದ್ದ ಬಾಡಿಗೆ ಮನೆ, ಪಕ್ಕದ ಮನೆಯೊಡತಿಯ ಮನೆ, ಹಿಂದುಗಡೆಯ ದವಾಖಾನೆ, ಮೂರರ ಹಿತ್ತಲಿಗೂ ನಡುವೆ ಒಂದೇ ಮೋಟುಗೋಡೆ. ಮುಂದಿನ ಗೊಂದಲಕ್ಕೆಲ್ಲ ಆ ಗೋಡೆಯೇ ಸಾಕ್ಷಿ.

೧. ಹೇನಿನ ಮೇಲೆ ಗುಮಾನಿ

ಮನೆಯೊಡತಿ ಹೊಳಗುಂದದ ಕಡೆಯ ಒಕ್ಕಲು ಮನೆತನದ ವಿಧವೆ. ಒಂದು ಬೆಳಿಗ್ಗೆ ಬಗಲಲ್ಲಿ ಕೆಂಪು ಹೇಂಟೆಯೊಂದನ್ನು ಅವುಚಿಕೊಂಡು ನಮ್ಮ ಹೊಸ್ತಿಲಿಗೆ ಬಂದಳು. ನಮ್ಮದು ನಾಮ ಹಚ್ಚುವವರ ಮನೆ. ಕೋಳಿ ಕಂಡವಳೇ ನನ್ನ ಹೆಂಡತಿ ಎದ್ದು ಒಳಗೆ ಹೋದಳು.

“ನೋಡ್ರಿ ಡಾಕ್ಟರ್ರ, ನನ್ನ ಕೋಳಿ ಬೋಳಾಗಾಕತ್ಯಾವ. ದಿನಾ ಒಂದೀಟು ಪುಕ್ಕ ಕಡಿಮಿ ಆಗ್ತಾವ. ಕಾರಣಾನೂ ನನಗ ಗೊತ್ತೈತಿ. ಹೊಸಾ ಸೊಸಿ ಕಾಲಿಟ್ಟಾಗಿಂದ ಶುರು ಆಗೈತಿ.”

“ಸೊಸೆಗೂ ಕೋಳಿಗೂ ಏನಮ್ಮ ಸಂಬಂಧ?”

“ಕಾಲ್ಗುಣ ಅಂತಾರ್ರಿ ಅದಕ್ಕ. ಇಂಗ್ಲೀಷಿನಾಗ ಏನಂತಾರೋ.”

ಇಂಗ್ಲಿಷಿನಲ್ಲಿ ಅದಕ್ಕೆ ಏನೂ ಅನ್ನುವುದಿಲ್ಲ ಎಂದೆ.

“ಹಂಗಾದ್ರ ನಿಮಗ ತಿಳಿಯಂಗಿಲ್ಲ ಬಿಡ್ರಿ. ಯುಗಾದಿತನಕ ನೋಡ್ತೀನಿ. ನಿಲ್ಲಲಿಲ್ಲ ಅಂದ್ರ ಬಂಡಿ ಕಟ್ಟಿಸಿ ಈಕಿನ್ನ ಪತ್ತಿಕೊಂಡಕ್ಕ, ತವರಮನಿಗೆ ಬಿಟ್ಟು ಬರ್ತೀನಿ. ತಿರುಗಿ ಕರಿಯಂಗಿಲ್ಲ.”

ಅವಳ ಹಿಂದೆ ಆ ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ತೆಲುಗು ಮನೆಯ ಹುಡುಗಿ, ಕನ್ನಡವನ್ನು ಈಗಷ್ಟೇ ಕೂಡಿಸಿಕೊಳ್ಳುತ್ತಿದ್ದವಳು. ಗಂಡ ಹತ್ತಿ ಮಿಲ್ಲಿನಲ್ಲಿ ದುಡಿಯುವವನು, ತಾಯಿಯ ಎದುರು ಬಾಯಿ ತೆರೆಯುವ ಪೈಕಿ ಅಲ್ಲ. ನನಗೆ ಸಿಟ್ಟು ಬಂತು. ಕೋಳಿಯ ಪುಕ್ಕದ ದೆಸೆಯಿಂದ ಒಬ್ಬ ಹೆಣ್ಣುಮಗಳು ಗಂಡನ ಮನೆ ಬಿಡುವುದನ್ನು ಗೋಡೆಯಾಚೆ ಕೂತು ನೋಡುವುದು ನನ್ನಿಂದಾಗದು. ಯುಗಾದಿಯೊಳಗೆ ಕಾರಣ ಹುಡುಕಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು: ನಮ್ಮ ಪಠ್ಯಪುಸ್ತಕದಲ್ಲಿ ಕೋಳಿ ಬರುವುದು ಕೊನೆಯ ಅಧ್ಯಾಯದಲ್ಲಿ, ಅದರ ಮೇಲೆ ಪರೀಕ್ಷೆಯಲ್ಲಿ ಎಂದೂ ಪ್ರಶ್ನೆ ಬರುತ್ತಿರಲಿಲ್ಲ.

ಪುಸ್ತಕ ತೆರೆದೆ. ಮೊದಲ ಕಾರಣ, ಹೇನು. ಹೊಗೆಸೊಪ್ಪಿನ ಪುಡಿಯನ್ನು ಪುಕ್ಕದ ಬುಡಕ್ಕೆ ಉದುರಿಸತಕ್ಕದ್ದು ಎಂದಿತ್ತು. ಹಾಗೆಯೇ ಹೇಳಿ ಕಳಿಸಿದೆ. ಮರುದಿನ ಮನೆಯೊಡತಿ ಮುಖ ಊದಿಸಿಕೊಂಡು ಬಂದಳು.

“ಹೊಗಿಸೊಪ್ಪಿನ ಪುಡಿ ಅಂದ್ರ ಮನ್ಯಾಗ ಇದ್ದದ್ದು ನನ್ನ ನಶ್ಯ ಒಂದ. ಡಬ್ಬಿ ಪೂರಾ ಸುರುವೀನಿ.”

“ಹೇನು ಸತ್ತವೇ?”

“ಇದ್ರ ತಾನ ಸಾಯಾಕ. ಕೋಳಿ ಕುಂತಲ್ಲಿ ಸೀನಾಕತ್ಯಾವ. ನಾನು ಸೀನಿಲ್ದ ಕುಂತೀನಿ.”

೨. ಹುಂಜದ ನಡತೆ

ಎರಡನೆಯ ಕಾರಣವನ್ನು ಓದಿ ಪುಸ್ತಕ ಮುಚ್ಚಿದೆ. ಹುಂಜವು ಹೇಂಟೆಯ ಬೆನ್ನೇರುವಾಗ ಪುಕ್ಕ ಕೀಳುವುದುಂಟು ಎಂದಿತ್ತು. ತಾಯಿಯ ವಯಸ್ಸಿನವಳಿಗೆ ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಮದರಾಸಿನಲ್ಲಿ ಕಲಿಸಿರಲಿಲ್ಲ.

“ಅಮ್ಮಾ, ಹುಂಜವನ್ನು ಸ್ವಲ್ಪ ದಿನ ಬೇರೆ ಇಡಿ.”

“ಯಾಕ್ರಿ?”

“ಅದರ ನಡತೆ ಸರಿಯಿಲ್ಲ.”

“ಹುಂಜದ್ದಾ?”

“ಹೌದು.”

“ಹುಂಜಕ್ಕ ನಡತಿ ಯಾಕ್ರಿ ಬೇಕು? ಅದೇನು ಗುಡಿ ಪೂಜಾರಿಕಿ ಮಾಡ್ಬೇಕಾ?” ಅಂದಳು. ಆದರೂ ಡಾಕ್ಟರ ಮಾತು ಮೀರಬಾರದೆಂದು ಹುಂಜವನ್ನು ಹಿಡಿದು ತಂದು, ನಮ್ಮ ಮನೆಯ ಕಟ್ಟೆಯ ಕಂಬಕ್ಕೇ ಕಟ್ಟಿದಳು. “ನೀವ ತಿದ್ರಿ ಇದನ್ನ. ಕಲಿತವ್ರು ಅದೀರಿ.”

ನಾನು ಸಂಧ್ಯಾವಂದನೆಗೆ ಕೂತು ನೀರು ಕೈಗೆ ತೆಗೆದುಕೊಂಡರೆ ಸಾಕು, ಹುಂಜ ಕೂಗುತ್ತಿತ್ತು. ನಾನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. ನನ್ನ ಹೆಂಡತಿ ಒಳಗಿನಿಂದ, “ಇಬ್ಬರೂ ಕೂಡಿ ಹೇಳಿ ಮುಗಿಸಿಬಿಡ್ರಿ” ಅಂದಳು.

ಅತ್ತ ಪುಕ್ಕ ಹೋಗುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ನಾನೇ ಹಿತ್ತಲಿಗೆ ಹೋಗಿ, ಒಂದೊಂದು ಹೇಂಟೆಯನ್ನೂ ಸೊಸೆಯ ಕೈಯಲ್ಲಿ ಹಿಡಿಸಿ ನೋಡಿದೆ. ಬೆನ್ನಿನಲ್ಲಿ ಪುಕ್ಕ ತುಂಬಿಕೊಂಡೇ ಇತ್ತು. ಎದೆಯೂ ಸರಿಯಾಗಿತ್ತು. ಹೋಗಿದ್ದವು ರೆಕ್ಕೆಯ ಮತ್ತು ಬಾಲದ ಉದ್ದನೆಯ ಪುಕ್ಕಗಳು, ಅದೂ ಒಳ್ಳೊಳ್ಳೆಯವು. ಹೇನು ಹೀಗೆ ಆರಿಸುವುದಿಲ್ಲ. ಹುಂಜಕ್ಕೆ ಅಷ್ಟು ತಾಳ್ಮೆ ಇಲ್ಲ. ತಾನಾಗಿ ಉದುರುವ ಪುಕ್ಕ ಒಳ್ಳೆಯದು ಕೆಟ್ಟದ್ದು ನೋಡಿ ಉದುರುವುದಿಲ್ಲ. ಪುಸ್ತಕವನ್ನು ಮತ್ತೆ ತಿರುವಿದೆ. ಅಲ್ಲಿ ಇನ್ನು ಉಳಿದಿದ್ದದ್ದು ಬಾತುಕೋಳಿ.

ಹುಂಜವನ್ನು ಬಿಚ್ಚಿ ಹಿಂದಿರುಗಿಸಿದೆ. ಮನೆಯೊಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು: “ನಡತಿ ಸುಧಾರಿಸ್ತೇನ್ರಿ?”

೩. ಒಳಗೆ ಯಾರಿದ್ದಾಳೆ?

ಅದು ಹತ್ತಿ ಬಂಡಿಗಳ ಕಾಲ. ಸುತ್ತಲ ಹಳ್ಳಿಗಳ ಹತ್ತಿಯೆಲ್ಲ ಆದವಾನಿಗೆ ಬರುತ್ತಿತ್ತು. ನೊಗ ಉಜ್ಜಿ ಹೆಗಲು ಹುಣ್ಣಾದ ಎತ್ತುಗಳೆಲ್ಲ ನನ್ನ ದವಾಖಾನೆಗೆ ಬರುತ್ತಿದ್ದವು. ಮಧ್ಯಾಹ್ನದ ಊಟ ಮೂರಕ್ಕೆ ಜಾರಿತ್ತು. ಅಂಥದೊಂದು ದಿನ ಊಟಕ್ಕೆ ಕೂತರೆ, ಹೆಂಡತಿ ಅನ್ನ ಬಡಿಸದೆ ಸೌಟು ಹಿಡಿದು ನಿಂತಳು.

“ದವಾಖಾನಿಯೊಳಗ ಯಾರಿದ್ದಾಳ್ರಿ?”

“ಯಾರೆಂದರೆ?”

“ಅದನ್ನ ನಾ ಕೇಳ್ತಿರೋದು.”

ವಿಷಯ ಹೀಗೆ. ಸೊಸೆ ಗೋಡೆಯ ಮೇಲಿಂದ ದವಾಖಾನೆಯ ಅಂಗಳವನ್ನು ಇಣುಕಿ ನೋಡಿ, ಓಡಿ ಬಂದು ಅತ್ತೆಗೆ, “ಅತ್ತಿ, ಈಕ ದವಾಖಾನ್ಯಾಗ ಐತಿ” ಅಂದಳಂತೆ. ಅತ್ತೆಯ ಕಿವಿಗೆ ಬಿದ್ದದ್ದು ‘ಈಕಿ’. ‘ಐತಿ’ ಎಂದದ್ದಕ್ಕೆ ಅವಳು ಬೆರಗಾಗಲಿಲ್ಲ. ತೆಲುಗಿನಲ್ಲಿ ಹೆಂಗಸಿಗೂ ಹೆಡಿಗೆಗೂ ಒಂದೇ ‘ಉಂದಿ’, ಇದ್ದಾಳೆ ಎಂದರೂ ಅದೇ, ಇದೆ ಎಂದರೂ ಅದೇ. ಸೊಸೆ ಅದನ್ನೇ ಕನ್ನಡಕ್ಕೆ ತಂದಿದ್ದಾಳೆ, ಪಾಪ, ‘ಈಕಿ ಅದಾಳ’ ಅನ್ನಲು ಬಂದಿಲ್ಲ ಎಂದು ತಾನೇ ತಿದ್ದಿಕೊಂಡಳು. ತಿದ್ದಿದ ಮಾತನ್ನು ಗೋಡೆ ದಾಟಿಸಿ ನನ್ನ ಹೆಂಡತಿಗೆ ಕೊಟ್ಟಳು: “ದವಾಖಾನ್ಯಾಗ ಒಬ್ಬಾಕಿ ಅದಾಳಂತ್ರೆವ್ವ. ನನ್ನ ಸೊಸಿ ಕಣ್ಣಾರೆ ಕಂಡಾಳ.”

ನಾನು ಉತ್ತರ ಕೊಡುವಾಗ ಯಾವಾಗಲೂ ನಿಖರವಾಗಿ ಕೊಡುವವನು. “ಸದ್ಯಕ್ಕೆ ದವಾಖಾನೆಯಲ್ಲಿ ಹೆಣ್ಣು ಎಂದರೆ ಒಂದು ಎಮ್ಮೆ. ಕೆಚ್ಚಲು ಬಾವು ಬಂದು ಮೊನ್ನೆಯಿಂದ ಅಲ್ಲೇ ಇದೆ” ಎಂದೆ.

“ಎಮ್ಮಿಗೆ ಯಾರೂ ಈಕಿ ಅನ್ನೂದಿಲ್ಲ” ಎಂದು ಅವಳು ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು. ಅಂದು ನನಗೆ ದಕ್ಕಿದ್ದು ಬರೀ ಉಪ್ಪಿನಕಾಯಿ.

೪. ತಾಜಾ

ಯುಗಾದಿಯ ಹಿಂದಿನ ದಿನ ಮನೆಯೊಡತಿಯ ಬಾಗಿಲಲ್ಲಿ ಬಂಡಿ ಕಟ್ಟಿ ನಿಂತಿತ್ತು. ನಾನು ಕೊಟ್ಟ ಮಾತು ನೀರಿನಲ್ಲಿ ಹೋಗುವುದರಲ್ಲಿತ್ತು. ಕಾರಣವೇ ಸಿಗದೆ ನಾನು ದವಾಖಾನೆಯಲ್ಲಿ ಒಂದು ಎತ್ತಿನ ಬಾಯಿ ತೆರೆಸಿ ನೋಡುತ್ತಿದ್ದಾಗ, ಮೂವರು ಹೆಂಗಸರು ಒಳಗೆ ಬಂದರು. ಮುಂದೆ ಮನೆಯೊಡತಿ, ಹಿಂದೆ ನನ್ನ ಹೆಂಡತಿ, ಅವರಿಬ್ಬರ ನಡುವೆ ಬಟ್ಟೆಗಂಟು ಹಿಡಿದ ಸೊಸೆ.

“ಬಂಡಿ ಏರೂಕಿಂತ ಮೊದ್ಲ ತೋರ್ಸು” ಅಂದಳು ಅತ್ತೆ. “ಎಲ್ಲಿ ಅದಾಳ ಈಕಿ?”

ಸೊಸೆ ಬೆರಳು ತೋರಿಸಿದಳು. ಎಲ್ಲರೂ ಆ ಕಡೆ ತಿರುಗಿದರು. ಅಲ್ಲಿ ನಮ್ಮ ಜವಾನ ಒಂದು ಎತ್ತಿನ ಹೆಗಲಿಗೆ ಮದ್ದು ಬಳಿಯುತ್ತಾ ನಿಂತಿದ್ದ.

ಅತ್ತೆ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಇಂವ ಈಕಿ ಹೆಂಗಾಗ್ತಾನ? ಇಂವ ಈತ. ಅಷ್ಟು ಮೀಸಿ ಐತಿ, ಕಾಣಂಗಿಲ್ಲೇನು ನಿನಗ?”

ಸೊಸೆ ಗಂಟನ್ನು ಕೆಳಗಿಟ್ಟು ನೇರ ನಡೆದು, ಜವಾನನ ಕೈಯಲ್ಲಿದ್ದ ಉದ್ದನೆಯ ಕೆಂಪು ಪುಕ್ಕವನ್ನು ಕಸಿದುಕೊಂಡು ಬಂದು ಅತ್ತೆಯ ಮೂಗಿಗೆ ಹಿಡಿದಳು. “ಈಕ. ಮನ ಕೋಡಿ ಈಕ, ಅತ್ತಿ.”

ಆಗ ನನ್ನ ತಲೆಗೆ ಹೊಳೆಯಿತು. ತೆಲುಗಿನಲ್ಲಿ ನಮ್ಮ ಎನ್ನಲು ಮನ, ಕೋಳಿಗೆ ಕೋಡಿ, ಪುಕ್ಕಕ್ಕೆ ಈಕ. ಅತ್ತೆಯ ತೆಲುಗು ಸಂತೆಯಲ್ಲಿ ಕಲಿತದ್ದು. ಸಂತೆಯಲ್ಲಿ ಯಾರೂ ಪುಕ್ಕ ಮಾರುವುದಿಲ್ಲ. ನನಗಂತೂ ಆ ಮಾತು ಮುಟ್ಟುವ ಹೊತ್ತಿಗೆ ಎರಡು ಬಾಯಿ ದಾಟಿ ಹೆಂಗಸಾಗಿತ್ತು.

“ಇದು ನನ್ನ ಕೆಂಪ ಹೇಂಟಿದು” ಅಂದಳು ಮನೆಯೊಡತಿ.

“ಎಲ್ಲಿಂದ ತಂದೆಯಯ್ಯಾ ಇದನ್ನು?” ಎಂದು ಜವಾನನನ್ನು ಕೇಳಿದೆ.

“ಗೋಡಿ ಮ್ಯಾಲಿಂದ, ಸಾಬ್. ಕೋಳಿ ಬಂದು ಕುಂದರ್ತಾವ. ಎತ್ತು ಬಂದಂಗ ಒಂದೊಂದು ಕಿತ್ಕೋತೀನಿ. ಈ ಸಲ ಎತ್ತು ಭಾಳ ಬಂದಾವ.”

“ನೆಲಕ್ಕೆ ಉದುರಿದ ಪುಕ್ಕ ಬೇಕಾದಷ್ಟು ಬಿದ್ದಿರುತ್ತವಲ್ಲ?”

ಅವನಿಗೆ ನಿಜವಾಗಿಯೂ ಬೇಸರವಾಯಿತು. “ಅದು ಬಾಸಿ, ಸಾಬ್. ನಿನ್ನೀ ಅನ್ನ ಇದ್ದಂಗ. ನೀವು ತಾಜಾ ಅಂತ ಹುಕುಂ ಕೊಟ್ಟೀರಿ. ಕೋಳಿ ಮ್ಯಾಲಿಂದ ಕಿತ್ತದ್ದಕ್ಕಿಂತ ತಾಜಾ ಎಲ್ಲಿ ಸಿಗ್ತೈತಿ?”

ಎಮ್ಮೆ ಒಮ್ಮೆ ಕೂಗಿತು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅದರ ಕಡೆ ತಿರುಗಿ ನಿಂತಳು.

ಮನೆಯೊಡತಿ ಸೊಸೆಯ ಗಂಟನ್ನು ತಾನೇ ಎತ್ತಿಕೊಂಡಳು. “ಪುಕ್ಕ ಅನ್ನು” ಅಂದಳು.

“ಪುಕ್ಕ” ಅಂದಳು ಸೊಸೆ.

“ಹಾಂ. ಇದನ್ನ ಮೊದ್ಲ ಅಂದಿದ್ರ ನನ್ನ ನಶ್ಯ ಆದ್ರೂ ಉಳೀತಿತ್ತು. ನಡಿ, ಬಂಡಿ ಬಿಚ್ಚಾಕ ಹೇಳು. ನಾಳೆ ಹೋಳಿಗಿಗೆ ಬ್ಯಾಳಿ ನೆನಿ ಹಾಕೂದೈತಿ.”

ಅವರು ಹೊರಟ ಮೇಲೆ ನಾನು ಜವಾನನನ್ನು ಮತ್ತೆ ಎದುರಿಗೆ ನಿಲ್ಲಿಸಿದೆ. ನಿಯಮ ಸರಿಯಾಗಿಯೇ ಇತ್ತು. ಹೇಳಿದ ಮಾತಿನಲ್ಲಿ ಸಂದು ಇತ್ತು. ಈ ಸಲ ಸಂದು ಬಿಡಬಾರದೆಂದು ಒಂದೊಂದು ಪದವನ್ನೂ ತೂಗಿ, ಶುದ್ಧ ಕನ್ನಡದಲ್ಲಿ ಹೇಳಿದೆ: “ತಾಜಾ ಮಾತು ಬಿಡು. ಇನ್ನು ಮುಂದೆ ಯಾವ ಪುಕ್ಕವೇ ಆಗಲಿ, ಮೊದಲು ಕುದಿಯುವ ನೀರಿನಲ್ಲಿ ಅದ್ದಬೇಕು. ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ತೊಳೆದು ಬಿಸಿಲಲ್ಲಿ ಒಣಗಿಸಿದ ಮೇಲಷ್ಟೇ ದನದ ಹತ್ತಿರ ತರಬೇಕು. ತಿಳಿಯಿತೇ?”

“ಜೀ ಸಾಬ್, ಹಂಗ ಆಗ್ತೈತಿ.” ಸಲಾಮು ಹೊಡೆದು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಗೋಡೆಯ ಮೇಲೆ ಆಗಲೇ ಕೆಂಪು ಹೇಂಟೆ ಬಂದು ಕೂತಿತ್ತು. ಅವನು ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

“ಸಾಬ್, ಒಂದು ಮಾತು. ಈ ಕುದಿಯೂ ನೀರಾಗ ಅದ್ದೂದು, ಸಾಬೂನು ಹಚ್ಚೂದು, ಬಿಸಿಲಿಗೆ ಹಾಕೂದು, ಇದೆಲ್ಲಾ ಕಿತ್ತ ಮ್ಯಾಲನೋ, ಕೀಳೂಕಿಂತ ಮೊದಲೋ?”