ಮ್ಯಾನೇಜರ್ ಕುರ್ಚಿ

ಆಗ ನನಗೆ ಐವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು. ನಮ್ಮ ನಾರಿನ ಕಾರ್ಖಾನೆಗೆ ಹೊಸದಾಗಿ ಬಂದ ಮ್ಯಾನೇಜರ್‌ಗೆ ತಲೆ ಸರಿಯಿರಲಿಲ್ಲ! ಸರಿಯಿದ್ದವನು ಕೂಲಿ ಹೆಂಗಸರನ್ನು ಕೂರಿಸಿಕೊಂಡು "ನಿಮಗೇನು ತೊಂದರೆ?" ಎಂದು ಕೇಳುತ್ತಾನೆಯೇ?

ಕಾರ್ಖಾನೆ ಇದ್ದದ್ದು ಚನ್ನರಾಯಪಟ್ಟಣದ ಹತ್ತಿರ. ತೆಂಗಿನ ಮಟ್ಟೆ ಬಡಿದು ನಾರು ತೆಗೆಯುವ ಕೆಲಸ. ಸಂಜೆ ಸೀನಿದರೆ ಮೂಗಿನಲ್ಲೂ ನಾರು. ಹಿಂದಿನ ಮ್ಯಾನೇಜರ್‌ಗೆ ನಾವು ಹದಿನಾಲ್ಕು ಹೆಂಗಸರೂ "ಏಯ್". ಹೊಳೆನರಸೀಪುರದ ಕಡೆಯ ಈ ಮನುಷ್ಯ ಮೂರೇ ದಿನಕ್ಕೆ ಎಲ್ಲರ ಹೆಸರು ಕಲಿತ. ನನ್ನ ಗಂಡನೇ ನನ್ನನ್ನು ಹೆಸರು ಹಿಡಿದು ಕರೆದವನಲ್ಲ; ಇವನು ಕರೆದಾಗ ಯಾರನ್ನೋ ಎಂದು ಹಿಂದೆ ತಿರುಗಿ ನೋಡಿದೆ!

ಒಂದು ದಿನ ಗೋಡೆಗೆ ಬೀಗದ ಪೆಟ್ಟಿಗೆ ಹೊಡೆಸಿದ. ಮನಸ್ಸಿನಲ್ಲಿರುವುದನ್ನು ಹಾಕಿ, ಯಾರು ಹಾಕಿದ್ದೆಂದು ಕೇಳುವುದಿಲ್ಲ ಎಂದ. ವಾರ ಬಿಟ್ಟು ತೆಗೆದರೆ ಒಳಗೆ ಚೆಂಡುಹೂವು, ಕರ್ಪೂರ. ನಾವು ಹುಂಡಿ ಅಂದುಕೊಂಡಿದ್ದೆವು!

"ಹೂವಲ್ಲ ಕಣ್ರಮ್ಮಾ, ದೂರು ಬರ್ದು ಹಾಕಿ ಅಂದಿದ್ದು!"

"ಬರಿಯಾಕ್ ಬಂದಿದ್ರೆ ನಿನ್ ಕುರ್ಚೀಲಿ ನಾನ್ ಕುಂತಿರ್ತಿದ್ದೆ ಕಣ್ಸಾ," ಎಂದೆ.

ನಕ್ಕುಬಿಟ್ಟ. "ಅಂಗಾರೆ ತೊಂದ್ರೆ ಕೊಡೋ ವಸ್ತೂನೇ ತಂದ್ ಹಾಕಿ."

ಕೇಳಬೇಕೆ! ಕಾರ್ಖಾನೆಯಲ್ಲಿ ಕೊಡುವ ಅನ್ನದಲ್ಲಿ ಸಿಕ್ಕ ಕಲ್ಲು ಬಿತ್ತು. ಕಕ್ಕಸಿನ ಮುರಿದ ಚಿಲಕ ಬಿತ್ತು. ಮರುದಿನವೇ ಹೊಸದು ಹಾಕಿಸಿದ. ಯಾರೋ ಗಂಡನ ಬೀಡಿ ಕಟ್ಟು ಹಾಕಿದ್ದಳು. "ಇದು ನನ್ ಕೈಲಾಗಲ್ಲ ತಾಯಿ," ಎಂದು ಎಲ್ಲರಿಗೂ ಸೇರಿಸಿ ಕೈಮುಗಿದ!

ನಾನು ಹಾಕಿದ್ದು ಸೆರಗಿನ ಚೂರು. ಮಟ್ಟೆ ಬಡಿಯುವ ಮಿಷನ್ನಿನ ಬೆಲ್ಟಿಗೆ ಮುಚ್ಚಳವಿರಲಿಲ್ಲ; ಸೆರಗನ್ನು ಎಳೆದುಕೊಂಡಿತ್ತು. ಹಳೆಯ ಸೀರೆ, ಹರಿಯಿತು. ಹೊಸದಾಗಿದ್ದರೆ ನಾನೂ ನಾರಾಗುತ್ತಿದ್ದೆ.

ಅದನ್ನು ಕಂಡು ಅವನು ನಗಲಿಲ್ಲ. ಕಾರ್ಖಾನೆಯ ಯಜಮಾನನಿಗೆ ತೋರಿಸಿ, ಮುಚ್ಚಳ ಬರುವವರೆಗೆ ಮಿಷನ್ ನಿಲ್ಲಿಸೋಣ ಎಂದ.

"ಇದು ಯಾವಳ್ದಯ್ಯಾ? ಮೊದ್ಲು ಅವ್ಳನ್ನ ಮನೆಗೆ ಕಳ್ಸು!"

"ಗೊತ್ತಿಲ್ಲ ಸಾರ್."

ಮಿಷನ್ ನಿಲ್ಲಲಿಲ್ಲ. ಸರಿ, ಈ ಹುಚ್ಚ ಆಫೀಸಿನಿಂದ ತನ್ನ ಕುರ್ಚಿಯನ್ನೇ ಹೊತ್ತು ತಂದು, ಬೆಲ್ಟಿಗೆ ಅಡ್ಡ ಹಾಕಿ ಕೂತ. ನಮ್ಮನ್ನು ಹತ್ತಿರ ಸೇರಿಸಲಿಲ್ಲ. ಅಲ್ಲೇ ಫೈಲು, ಅಲ್ಲೇ ಫೋನು, ಅಲ್ಲೇ ಊಟ. ಸಂಜೆಗೆ ತಲೆ, ಮೀಸೆ ಎಲ್ಲ ಕಂದು. ಒಳ್ಳೆ ಸುಲಿಯದ ತೆಂಗಿನಕಾಯಿ!

"ಇದೇನ್ ಸಾ, ದಿಷ್ಟಿಬೊಂಬೆ ಅಂಗೆ ಕುಂತಿದ್ದೀಯಾ?"

"ಮುಚ್ಚಳ ಬರೋಗಂಟ ನಾನೇ ಮುಚ್ಚಳ ಕಣಮ್ಮ."

ಹನ್ನೊಂದನೆಯ ದಿನ ಬೆಲ್ಟು ಕಿತ್ತು ಬಂದು ಅವನ ಕತ್ತಿಗೆ ಬಡಿಯಿತು. ಜೀವಂತವಾಗಿ ಹಾಸನದ ಆಸ್ಪತ್ರೆ ಮುಟ್ಟಲಿಲ್ಲ.

ಆಫೀಸು ಗುಡಿಸಲು ನನ್ನನ್ನು ಕಳುಹಿಸಿದರು. ಮೇಜಿನ ಖಾನೆಯಲ್ಲಿ ನಾವು ಹಾಕಿದ್ದೆಲ್ಲ ಇತ್ತು: ಕಲ್ಲು, ಚಿಲಕ, ಬೀಡಿ ಕಟ್ಟು. ಒಂದೊಂದಕ್ಕೂ ಒಂದು ಚೀಟಿ ಕಟ್ಟಿದ್ದ. ಆಗ ನನಗೆ ಓದಲು ಬರುತ್ತಿದ್ದುದು ನನ್ನ ಹೆಸರೊಂದೇ. ಹಾಜರಿಗೆ ಹೆಬ್ಬೆಟ್ಟು ಒತ್ತಬೇಡ ಎಂದು ಅವನೇ ಕಲಿಸಿದ್ದ. ಸೆರಗಿನ ಚೂರಿನ ಚೀಟಿಯಲ್ಲಿ ಅದೇ ಹೆಸರಿತ್ತು.

ಮರುದಿನ ಬೆಳಿಗ್ಗೆ ಮಿಷನ್ನಿಗೆ ಹೊಸ ಬೆಲ್ಟು ಬಂದಿತ್ತು, ಮುಚ್ಚಳ ಬಂದಿರಲಿಲ್ಲ. ನಾನು ಆ ಕುರ್ಚಿಯನ್ನು ಎಳೆದು ತಂದು ಸ್ವಿಚ್ಚಿನ ಮುಂದೆ ಹಾಕಿಕೊಂಡು ಕೂತೆ.

"ಏಯ್, ಎದ್ದೇಳು! ಅದು ಮ್ಯಾನೇಜರ್ ಕುರ್ಚಿ," ಎಂದು ಯಜಮಾನ ಕೂಗಿದ.

"ಗೊತ್ತು ಕಣ್ಸಾ," ಎಂದೆ. ಏಳಲಿಲ್ಲ.